ಎರಡು ಲಾಡುಗಳ ಡಿಕ್ಕಿ

2005ರ ಸುಮಾರಿಗೆ ಅಂಕೋಲೆಯ ನಮ್ಮ ಕಾಲೇಜಿನಲ್ಲಿದ್ದ ಭೌತಶಾಸ್ತ್ರದ ಸರ್‌ಗೆ ಲಾಡು ಕಂಡರೆ ಪಾಠ ನೆನಪಾಗುತ್ತಿತ್ತು. ಸ್ಟಾಫ್ ರೂಮಿನ ಮೇಜಿನ ಮೇಲೆ ಎರಡು ರವೆ ಲಾಡುಗಳನ್ನು ರಪ್ಪನೆ ಗುದ್ದಿಸಿ ಹೇಳುತ್ತಿದ್ದರು: "ಚಿನ್ನದ ಪರಮಾಣುವಿನ ಎರಡು ನ್ಯೂಕ್ಲಿಯಸ್ಸು ಹೆಚ್ಚುಕಡಿಮೆ ಬೆಳಕಿನಷ್ಟೇ ಜೋರಾಗಿ ಬಂದು ಹೀಗೆ ಗುದ್ದಿದ್ರೆ, ಒಂದು ಕ್ಷಣ ಎಲ್ಲ ಕರಗಿ ನೀರಿನ ಹಾಗೆ ಹರೀತದೆ. ಆ ಮೊದಲ ಕ್ಷಣ ಯಾರಿಗೂ ಕಾಣೂದಿಲ್ಲ ಮಾರಾಯ್ರೆ. ಚದುರಿದ ಚೂರು ನೋಡಿ ಊಹಿಸ್ಬೇಕು."

ಚೂರುಗಳನ್ನು ನಾವು ಸಹೋದ್ಯೋಗಿಗಳು ತಿನ್ನುತ್ತಿದ್ದೆವು. ಕಾರವಾರದಿಂದ ಬಸ್ಸಿನಲ್ಲಿ ಬರುತ್ತಿದ್ದ ಕೆಮಿಸ್ಟ್ರಿ ಮೇಡಂ ಮಾತ್ರ, "ಮೇಜು ಒರೆಸುವವ್ರು ಯಾರು?" ಎಂದು ಜಗಳ ತೆಗೆಯುತ್ತಿದ್ದರು.

ಒಂದು ದಿನ ಅವರಿಬ್ಬರೂ ಒಟ್ಟಿಗೆ ಬಂದು ತಮ್ಮ ಮದುವೆಯ ಕಾಗದ ಕೊಟ್ಟರು. ನಾನು ಬಾಯಿ ಬಿಟ್ಟುಕೊಂಡು, "ಸರ್, ಇದು ಶುರುವಾದದ್ದು ಯಾವಾಗ?" ಎಂದೆ.

ಸರ್ ಕನ್ನಡಕ ಒರೆಸುತ್ತ, "ಮೊದಲ ಕ್ಷಣ ಯಾರಿಗೂ ಕಾಣೂದಿಲ್ಲ..." ಎಂದರು.

"ನಾನು ಊಹಿಸಿದ್ದೆ," ಎಂದರು ಮೇಡಂ. "ದೊಡ್ಡ ಚೂರೆಲ್ಲ ಯಾವಾಗ್ಲೂ ನನ್ನ ಬದಿಗೇ ಬೀಳ್ತಿತ್ತು."