ಆಷಾಢದ ಶನಿವಾರಗಳು

ಚಲುವಮ್ಮನ ಮದುವೆಯಾದದ್ದು ಕೊಡಗಿನವರು ಮೊದಲ ಸಲ ವೋಟು ಹಾಕಿದ ವರ್ಷ, ವೈಶಾಖದಲ್ಲಿ. ಗಂಡ ಸಣ್ಣಸ್ವಾಮಿ ಫ್ರೇಜರ್‌ಪೇಟೆಯ ಪಕ್ಕದ ಹಳ್ಳಿಯವನು, ಎತ್ತಿನ ಗಾಡಿ ಹೊಡೆಯುತ್ತಿದ್ದ. ಅವಳ ಅಪ್ಪ ಜವರಯ್ಯ ಹಾಸನದ ಕಡೆಯಿಂದ ಬಂದು ಶನಿವಾರಸಂತೆಯ ಹತ್ತಿರ ಗೇಣಿಗೆ ಗದ್ದೆ ಮಾಡುತ್ತಿದ್ದ. ಗಂಡನ ಮನೆಯ ಒಲೆ ಅವಳ ಕೈಗೆ ಒಗ್ಗುವ ಮೊದಲೇ ಆಷಾಢ ಬಂತು. ಹೊಸ ಸೊಸೆ ತವರಿಗೆ ಹೋಗಬೇಕು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಬಾರದು.

ಎಲ್ಲರ ಮನೆಯಲ್ಲೂ ನಡೆಯುವ ಶಾಸ್ತ್ರವೇ. ಆದರೆ ಅತ್ತೆ ರಂಗಮ್ಮನಿಗೆ ಅದು ಶಾಸ್ತ್ರವಷ್ಟೇ ಆಗಿರಲಿಲ್ಲ. ಅವಳ ಹಿರಿಸೊಸೆ ಆಷಾಢದಲ್ಲಿ ಬಸುರಾಗಿ, ಚೈತ್ರದ ಬಿಸಿಲಲ್ಲಿ ಹೆರಲಾಗದೆ ಹೋಗಿಬಿಟ್ಟಿದ್ದಳು. ಹಿರಿಮಗ ದಕ್ಷಿಣ ಕೊಡಗಿನ ಕುಟ್ಟದ ಕಡೆಯ ಯಾವುದೋ ಎಸ್ಟೇಟು ಸೇರಿದವನು ಮತ್ತೆ ಮನೆಯ ಕಡೆ ತಿರುಗಿರಲಿಲ್ಲ. ಅದಕ್ಕೇ ಚಲುವಮ್ಮ ಹೊರಡುವ ಬೆಳಿಗ್ಗೆ ರಂಗಮ್ಮ ಕಿರಿಮಗನನ್ನು ದೇವರ ಮುಂದೆ ನಿಲ್ಲಿಸಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಲು ಹೇಳಿ ಆ ತಿಂಗಳು ಹೆಂಡತಿಯ ಹತ್ತಿರ ಹೋಗುವುದಿಲ್ಲವೆಂದು ಆಣೆ ಮಾಡಿಸಿಕೊಂಡಳು. ಸಣ್ಣಸ್ವಾಮಿ ಕೈ ಒದರಿಕೊಳ್ಳುತ್ತಾ ಹೆಂಡತಿಯ ಕಡೆ ನೋಡಿ ಕಣ್ಣಲ್ಲೇ ನಕ್ಕ.

ಮಂಡಿಯವರ ಉಪ್ಪು, ಬೆಲ್ಲ ಹೇರಿಕೊಂಡು ಶನಿವಾರಸಂತೆಗೆ ಹೋಗುವುದು ಅವನ ವಾರದ ಕೆಲಸ. ಅವಳು ಅಪ್ಪನ ಮನೆಯಿಂದ ಎಳೆಬಿದಿರಿನ ಕಳಲೆ ಹೆಚ್ಚಿ ನೆನೆಹಾಕಿ, ಬುಟ್ಟಿಯಲ್ಲಿಟ್ಟುಕೊಂಡು ಅದೇ ಸಂತೆಗೆ ಬರುತ್ತಿದ್ದಳು. ಮೊದಲ ಶನಿವಾರ ಇಬ್ಬರೂ ಕಂಡೂ ಕಾಣದವರ ಹಾಗೆ ಇದ್ದರು. ಮುಂದಿನ ಶನಿವಾರ ಅವನು ಅವಳ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಕಳಲೆ ಹೆಂಗಮ್ಮ?"

"ಮನೇಲಿ ಹೆಂಡ್ತಿ ಇಲ್ವಾ, ನೀವೇ ಬಂದಿದೀರಿ?"

"ಅವಳ ಅಪ್ಪ ಕರ್ಕೊಂಡೋಗಿ ಬಚ್ಚಿಟ್ಟವ್ನೆ."

ಪಕ್ಕದಲ್ಲಿ ಸೊಪ್ಪು ಮಾರುವವಳು ಕೇಳಿಸಿಕೊಂಡು ನಕ್ಕಳು. ಸಂತೆ ಕರಗುವಾಗ ಮಳೆ ಕವಿದುಕೊಂಡಿತ್ತು. ಅವನು ಊರಿಗೆ ಮರಳುವ ದಾರಿಯಲ್ಲೇ ಅವಳ ಹಳ್ಳಿ. ಕಮಾನು ಗಾಡಿಯೊಳಗೆ ಖಾಲಿ ಚೀಲಗಳು, ಬೆಲ್ಲದ ವಾಸನೆ. ಅತ್ತಿಮರದ ಕೆಳಗೆ ಅವನು ಗಾಡಿ ನಿಲ್ಲಿಸಿದ. ಮಳೆ ಬಿಡುವವರೆಗೆ ಅಂದುಕೊಂಡರು. ಮಳೆ ಅಷ್ಟು ಬೇಗ ಬಿಡುವ ತಿಂಗಳಲ್ಲ ಅದು. ಅವಳು ಗಾಡಿಯಿಂದ ಇಳಿಯುವಾಗ, ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಬೀರ ಎದುರಾದ. ಸಂತೆಯಲ್ಲಿ ಎತ್ತುಗಳಿಗೆ ಹುಲ್ಲು ಮಾರುವವನು, ಜವರಯ್ಯನ ಊರಿನವನೇ. ಅವನು ಮುಖ ಆ ಕಡೆ ತಿರುಗಿಸಿಕೊಂಡು ನಡೆದುಬಿಟ್ಟ. ಅದರ ಮುಂದಿನ ಶನಿವಾರವೂ ಮಳೆ ಬಂತು.

ತಿಂಗಳ ಕೊನೆಗೆ ತಾಯಿ ವಿಶಾಲಾಕ್ಷಮ್ಮ ಮಗಳನ್ನು ಹಿತ್ತಿಲಿಗೆ ಕರೆದಳು. ಹೆಂಗಸರು ತಿಂಗಳಿಗೊಮ್ಮೆ ಹೊರಗೆ ಕೂರುವ ಮನೆಯಲ್ಲಿ, ಕೂರದಿದ್ದರೆ ಗೋಡೆಗೂ ಗೊತ್ತಾಗುತ್ತದೆ.

"ದಿನ ಮೀರ್ತಲ್ಲೇ."

ಚಲುವಮ್ಮ ಕಾಲಿನ ಹೆಬ್ಬೆರಳಿಂದ ಕೆಸರು ಗೀರುತ್ತಾ ನಿಂತಳು.

"ಯಾರು ಅಂತ ಕೇಳೋ ಹಂಗೆ ಮಾಡ್ಬೇಡ ನನ್ನ."

"ಅವರೇ ಕಣವ್ವ. ಸಂತೆ ದಿನ."

ವಿಶಾಲಾಕ್ಷಮ್ಮ ಮಗಳ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ಅದೇ ಬೆನ್ನು ಸವರಿದಳು. "ಒಂದು ತಿಂಗಳು ತಡ್ಕಳಕ್ಕಾಗ್ಲಿಲ್ಲ ಇಬ್ರಿಗೂ. ಹೋಗ್ಲಿ, ಅವನೇ ತಾನೇ. ಬೈಸ್ಕೊಂಡ್ರಾಯ್ತು."

ಚಲುವಮ್ಮನಿಗೆ ಭಯವಿತ್ತು. ಚೈತ್ರದಲ್ಲಿ ಹೋದ ಹಿರಿಸೊಸೆಯ ಕತೆ ನೆನಪಾಗುತ್ತಿತ್ತು. ಆದರೂ ಒಲೆಯ ಮುಂದೆ ಒಬ್ಬಳೇ ಕೂತಾಗ ಬೇರೆಯದೂ ನೆನಪಾಗುತ್ತಿತ್ತು. ಗಾಡಿಯ ಕಮಾನಿನ ಮೇಲೆ ಮಳೆ ಬಿದ್ದ ಸದ್ದು, ತನ್ನ ಒದ್ದೆ ಪಾದಗಳನ್ನು ಅವನು ಚೀಲದಿಂದ ಒರೆಸಿದ್ದು. ರಂಗಮ್ಮನ ಮುಂದೆ ಅವನು ಹೇಗೆ ತಲೆ ತಗ್ಗಿಸಿ ನಗಬಹುದು ಎಂದು ಊಹಿಸಿಕೊಂಡು ಅವಳೂ ನಗುತ್ತಿದ್ದಳು.

ಶ್ರಾವಣ ಹುಟ್ಟಿತು. ಸೊಸೆಯನ್ನು ಕರೆದೊಯ್ಯಲು ರಂಗಮ್ಮ ಮಗನ ಗಾಡಿಯಲ್ಲಿ ಬಂದಳು. ಹೊಸ ಸೀರೆ, ಹೂವು, ಒಂದು ಚಿಪ್ಪು ಬಾಳೆಹಣ್ಣು. ಕಾಫಿಯಾಯಿತು, ನಾಟಿಯ ಮಾತಾಯಿತು. ವಿಶಾಲಾಕ್ಷಮ್ಮ ಮುಚ್ಚಿಡುವ ಹೆಂಗಸಲ್ಲ. ಅಳಿಯ ಎದುರಲ್ಲೇ ಇದ್ದಾನೆ, ನಾಚಿಕೊಂಡು ಒಪ್ಪಿಕೊಳ್ಳುತ್ತಾನೆ, ಬೈಗುಳವೋ ನಗುವೋ ಇವತ್ತೇ ಮುಗಿಯಲಿ ಎಂದು ಅವಳ ಲೆಕ್ಕ.

"ಬೀಗ್ತಿ, ಒಂದು ಮಾತು. ಹುಡುಗಿ ಈ ಸಲ ಹೊರಗೆ ಕೂತಿಲ್ಲ, ದಿನ ಮೀರ್ತು."

ರಂಗಮ್ಮ ಕಾಫಿಯ ಲೋಟ ಕೆಳಗಿಟ್ಟಳು. "ಇಲ್ಲಿಗೆ ಬಂದ ಮೇಲೆ ಕೂತೇ ಇಲ್ವಾ?"

"ಬಂದ ದಿನವೇ ಕೂತಿದ್ಲು. ಆಮೇಲಿಲ್ಲ."

"ಆಷಾಢದಾಗೆ ನನ್ನ ಮಗ ಈ ಕಡೆ ತಲೆ ಹಾಕಿಲ್ಲ ಬೀಗ್ತಿ. ದೇವರ ಮುಂದೆ ಕರ್ಪೂರ ಆರಿಸವ್ನೆ." ಮಗನ ಕಡೆ ತಿರುಗಿದಳು. "ಹೋಗಿದ್ಯೇನ್ಲಾ? ಇವಳ ಹತ್ರ ಹೋಗಿದ್ಯಾ?"

ಚಲುವಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅವನ ಮುಖದ ಒಂದು ಪಕ್ಕ ಮಾತ್ರ ಕಾಣುತ್ತಿತ್ತು. ಅವನು ಅವ್ವನನ್ನು ನೋಡಿದ. ಅವ್ವನ ಕಣ್ಣಲ್ಲಿ ಹಿರಿಸೊಸೆಯ ಹೆಣವಿತ್ತು, ಊರು ಬಿಟ್ಟ ಅಣ್ಣನಿದ್ದ. ಅವನು ಜಗಲಿಯ ಸಗಣಿ ಸಾರಿಸಿದ ನೆಲ ನೋಡಿದ.

"ಇಲ್ಲ ಕಣವ್ವ."

ಜವರಯ್ಯ ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ. ಚಲುವಮ್ಮ ಹೊರಗೆ ಬಂದಳು. ಬರಬಾರದಿತ್ತು, ಬಂದಳು.

"ಇನ್ನೊಂದ್ಸಲ ಹೇಳಿ."

ಅವನು ಎದ್ದು ಎತ್ತುಗಳ ಹತ್ತಿರ ಹೋದ. ರಂಗಮ್ಮ ಸೀರೆ ಹೂವು ಮಡಿಲಿಗೆ ಹಾಕಿಕೊಂಡಳು. "ಹುಡುಗಿ ಇಲ್ಲೇ ಇರ್ಲಿ ಬೀಗ್ರೇ. ಯಾವ್ದು ಏನು ಅಂತ ತಿಳೀಲಿ" ಎಂದಳು. ಬೈಯಲಿಲ್ಲ, ಕೂಗಲಿಲ್ಲ. ಬಾಳೆಹಣ್ಣು ಮಾತ್ರ ಜಗಲಿಯಲ್ಲಿ ಉಳಿಯಿತು.

ಆ ಸಂಜೆ ಬೀರ ಬಂದ. ಯಾರು ಹೇಳಿದರೋ, ಅವನಿಗೆ ತಿಳಿದಿತ್ತು. "ಅಯ್ಯಾ, ನಾನು ಕಂಡಿದೀನಿ. ಅತ್ತಿಮರದ ತಾವ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ" ಎಂದ. ಜವರಯ್ಯನ ಮುಖಕ್ಕೆ ರಕ್ತ ಬಂತು. ಆಗಲೇ ಟವಲು ಹೆಗಲಿಗೆ ಹಾಕಿಕೊಂಡ.

"ಬ್ಯಾಡಪ್ಪ" ಎಂದಳು ಚಲುವಮ್ಮ.

"ಯಾಕೆ? ಮಾನ ಹೋಯ್ತದೆ ಕಣೆ!"

"ನನ್ನ ಗಂಡ ನನ್ನ ಹತ್ರ ಬಂದಿದ್ದಕ್ಕೆ ಬೀರಣ್ಣ ಸಾಕ್ಷಿ ಹೇಳ್ಬೇಕಾ? ಅವರ ಬಾಯಲ್ಲಿ ಬಂದ್ರೆ ಬರ್ಲಿ."

ಬೀರ ತಲೆ ಕೆರೆದುಕೊಂಡು, "ಅದೂ ಸರಿ ಅನ್ನಿ" ಎಂದು ಹೊರಟ.

ಅವಳು ಕಾದಳು. ಶನಿವಾರ ಗಾಡಿಯ ಗೆಜ್ಜೆ ದಾರಿಯಲ್ಲಿ ಕೇಳಿಸಿತು. ಗಾಡಿ ಬಾಗಿಲಲ್ಲಿ ನಿಲ್ಲಲಿಲ್ಲ. ಮರಳುವಾಗಲೂ ಕೇಳಿಸಿತು, ಆಗಲೂ ನಿಲ್ಲಲಿಲ್ಲ. ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರು ಅವಳು ಬಂದರೆ ಪದ ನಿಲ್ಲಿಸುತ್ತಿದ್ದರು. ಹೊಟ್ಟೆಯ ಮೇಲೆ ಕೈ ಇಡಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಒಳಗೆ ಏನಾದರೂ ಇದ್ದರೆ ಅದಕ್ಕೂ ಈಗ ಕೇಳಿಸಿರುತ್ತದೆ, ಇಲ್ಲ ಅಂದದ್ದು.

ಶ್ರಾವಣ ಮುಗಿಯುತ್ತಾ ಬಂದಾಗ, ಬಾವಿಯ ಹತ್ತಿರ, ಸೊಂಟದಲ್ಲಿ ಕೀಳುವ ನೋವು ಬಂತು. ಸೀರೆ ನೋಡಿಕೊಂಡಳು. ಅವ್ವ ಓಡಿ ಬಂದು ಅವಳನ್ನು ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಕೂರಿಸಿ, ದೂರದಿಂದಲೇ ಕೈಮುಗಿದು ಅತ್ತಳು. ದೇವರು ಕಾಪಾಡಿದ ಎಂದಳು. ದಿನ ಏರುಪೇರಾಗಿತ್ತೋ, ನಿಂತ ಬಸುರೇ ಹೋಯಿತೋ, ಯಾರೂ ಕೇಳಲಿಲ್ಲ. ಚಲುವಮ್ಮ ಚಪ್ಪರದ ಗಳಕ್ಕೆ ಒರಗಿಕೊಂಡು ಕೂತಳು. ಎಲ್ಲರಿಗೂ ಏನೋ ಇಳಿದು ಹೋದ ಹಾಗಿತ್ತು. ಅವಳಿಗೆ ಏನೂ ಇಳಿಯಲಿಲ್ಲ.

ಜವರಯ್ಯ ಹೇಳಿ ಕಳಿಸಿದ. ಸಣ್ಣಸ್ವಾಮಿ ಒಬ್ಬನೇ ಬಂದ, ಅದೇ ಸೀರೆ, ಹೊಸ ಹೂವು. ಅಪ್ಪ, ಅವ್ವ ಬೆನ್ನು ತಟ್ಟಿ ಗಾಡಿ ಹತ್ತಿಸಿದರು. ಹೋಗದೆ ಅವಳಿಗೆ ಬೇರೆ ಜಾಗ ಎಲ್ಲಿತ್ತು? ಸೋಮವಾರಪೇಟೆ ದಾಟುವವರೆಗೂ ಅವನು ಎತ್ತುಗಳ ಜೊತೆ ಮಾತ್ರ ಮಾತಾಡಿದ. ಆಮೇಲೆ ಹಿಂದಕ್ಕೆ ತಿರುಗಿದ.

"ಹಂಗಂದಿದ್ದೇ ಒಳ್ಳೇದಾಯ್ತು ನೋಡು. ಹೂಂ ಅಂದಿದ್ರೆ ಅವ್ವ ಎದೆ ಒಡ್ಕೊಂಡು ಸಾಯೋಳು. ಈಗ ಯಾರಿಗೂ ಏನಿಲ್ಲ."

"ಬಸುರೇ ಆಗಿದ್ದಿದ್ರೆ?"

"ಆಗ್ಲಿಲ್ವಲ್ಲ."

"ಆಗಿದ್ದಿದ್ರೆ ಅಂದೆ."

"ಏನೋ ಒಂದು ಮಾಡ್ತಿದ್ದೆ ಬಿಡು."

"ಈಗ ಹೇಳಿ ಅತ್ತೆಗೆ. ಈಗ ಹೇಳಿದ್ರೆ ಯಾರೂ ಸಾಯಲ್ಲ."

ಅವನು ಎತ್ತಿನ ಬಾಲ ತಿರುವಿದ. "ಮುಗಿದೋದ್ದನ್ನ ಯಾಕೆ ಕೆದಕ್ತೀಯಾ? ನಿಂಗೂ ನಂಗೂ ಗೊತ್ತಲ್ಲ, ಸಾಲ್ದಾ?"

ಸಾಲದು ಎಂದು ಅವಳು ಹೇಳಲಿಲ್ಲ. ಗಾಡಿಯ ಹಿಂದಿನ ಬಾಯಿಗೆ ಮುಖ ಮಾಡಿ ಕೂತು, ಹಿಂದೆ ಹಿಂದೆ ಸರಿಯುವ ದಾರಿ ನೋಡಿದಳು.

ರಂಗಮ್ಮ ಆರತಿ ಎತ್ತಿ ಒಳಗೆ ಕರೆದುಕೊಂಡಳು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದಳು. ಚಲುವಮ್ಮ ಆ ಮನೆಯಲ್ಲಿ ಚೆನ್ನಾಗಿ ಬಾಳಿದಳು ಎಂದೇ ಊರವರು ಹೇಳುವುದು. ಬೆಳಗಾಗುವ ಮೊದಲು ಎದ್ದು ರಾಗಿ ಬೀಸುತ್ತಿದ್ದಳು, ಎತ್ತುಗಳಿಗೆ ಕಲಗಚ್ಚು ಇಡುತ್ತಿದ್ದಳು, ಅತ್ತೆಗೆ ಜ್ವರ ಬಂದಾಗ ತಲೆದೆಸೆಯಿಂದ ಏಳಲಿಲ್ಲ. ಗಂಡನ ಜೊತೆ ಜಗಳ ಆಡಿದ್ದನ್ನು ಯಾರೂ ಕಂಡಿಲ್ಲ. ಒಂದೇ ಒಂದು ಮಾತು ಅವಳದು ವಿಚಿತ್ರವಾಗಿತ್ತು.

ಮರುವರ್ಷ ಸುಗ್ಗಿಯ ಕಣದಲ್ಲಿ, ನಾಲ್ಕು ಜನ ಹೆಂಗಸರ ಮುಂದೆ, ರಂಗಮ್ಮ ಭತ್ತ ಕೇರುತ್ತಾ ಸಂಭ್ರಮದಿಂದ ಕೇಳಿದಳು: "ಏನವ್ವ, ಈ ತಿಂಗಳು ಹೊರಗೆ ಕೂರಲಿಲ್ಲ. ವಿಶೇಷವಾ?"

"ನಿಮ್ಮ ಮಗನ್ನ ಕೇಳಿ" ಎಂದಳು ಚಲುವಮ್ಮ.

ಹೆಂಗಸರು ಗೊಳ್ಳೆಂದು ನಕ್ಕರು. "ಅಬ್ಬಾ ಇವಳ ಬಾಯಿ!" ಎಂದರು. ಸಣ್ಣಸ್ವಾಮಿಯೂ ಮೆದೆಯ ಮೇಲಿಂದ, "ಹೂಂ ಕಣವ್ವೋ, ನಂದೇ!" ಎಂದು ಕೂಗಿದ. ಮತ್ತೆ ನಗು. ಚಲುವಮ್ಮ ತುಂಬಿದ ಬುಟ್ಟಿ ಎತ್ತಿ ತಲೆಗಿಟ್ಟುಕೊಂಡು ಹೋದಳು.

ಎರಡನೆಯ ಬಸುರಿಗೂ ಅದೇ ಮಾತು. ಆಗಲೂ ಊರು ನಕ್ಕಿತು. ಅವನು ಅರ್ಧ ನಕ್ಕ.

ಮೂರನೆಯದು, ಕೊಡಗು ಮೈಸೂರಿಗೆ ಸೇರುತ್ತದಂತೆ ಎಂದು ಸಂತೆಯಲ್ಲೆಲ್ಲ ಮಾತಾಡುತ್ತಿದ್ದ ವರ್ಷ. ಮನೆಯ ಮುಂದೆ ರಂಗಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ವಯಸ್ಸಾಗಿತ್ತು, ಮತ್ತೆ ಅದನ್ನೇ ಕೇಳಿದಳು. ಚಲುವಮ್ಮ ಕೊಡ ಹಿಡಿದು ನಿಂತಲ್ಲೇ, "ನಿಮ್ಮ ಮಗನ್ನ ಕೇಳಿ ಅತ್ತೆ" ಎಂದಳು.

ಸಣ್ಣಸ್ವಾಮಿ ನೊಗದ ಹಗ್ಗ ಬಿಚ್ಚುತ್ತಿದ್ದ. ಕೈ ನಿಂತಿತು. ಈ ಸಲ ನಗಲಿಲ್ಲ.

"ಹೋಗಿದ್ದೆ ಕಣವ್ವ" ಎಂದ, ಮೆಲ್ಲಗೆ.

ರಂಗಮ್ಮ ತಲೆ ಎತ್ತಿದಳು. "ಎಲ್ಲಿಗ್ಲಾ?"

ಚಲುವಮ್ಮ ಕೊಡವನ್ನು ಸೊಂಟಕ್ಕೇರಿಸದೆ ನಿಂತಳು. ಅವನು ಅವ್ವನ ಮುಖ ನೋಡಿದ, ನೆಲ ನೋಡಿದ.

"ಎಲ್ಲಿಗೂ ಇಲ್ಲ ಬಿಡು" ಎಂದು ಎತ್ತುಗಳನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋದ.