ಓದುವವಳ ಪಾಲಿನ ಚಪಾತಿ

ಬೆಳಗಿನ ಐದೂವರೆ. ನವಿ ಮುಂಬಯಿಯ ಕೋಪರಖೈರಣೆಯ ರೋ ಹೌಸುಗಳ ಸಾಲಿನಲ್ಲಿ ಇನ್ನೂ ಹಾಲಿನವನ ಸೈಕಲ್ಲೂ ಬಂದಿಲ್ಲ. ಒಂದು ಮನೆಯ ಕೆಳ ಅಂತಸ್ತಿನಲ್ಲಿ ಮಾತ್ರ ಟ್ಯೂಬ್‌ಲೈಟು ಉರಿಯುತ್ತಿದೆ. ಒಳಗೆ ನಾದಿದ ಗೋಧಿಹಿಟ್ಟಿನ ದೊಡ್ಡ ಪರಾತದ ಸುತ್ತ ಐದು ಮಂದಿ ಹೆಂಗಸರು ಮಣೆ, ಲಟ್ಟಣಿಗೆ ಇಟ್ಟುಕೊಂಡು ಕೂತಿದ್ದಾರೆ. ಆರನೆಯವರ ಮುಂದೆ ಮಣೆಯೂ ಇಲ್ಲ, ಲಟ್ಟಣಿಗೆಯೂ ಇಲ್ಲ. ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ ಕೂತ ಅವರು ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಾರೆ, ಮತ್ತೆ ಒರೆಸುತ್ತಾರೆ. ಮಡಿಲಲ್ಲಿ ಒಂದು ದಪ್ಪ ಕನ್ನಡ ಕಾದಂಬರಿ. ಪಕ್ಕದಲ್ಲೊಂದು ಖಾಲಿ ಸ್ಟೀಲ್ ತಟ್ಟೆ.

ಇವರು ಸತ್ಯಭಾಮಾ. ಮುರಾರಿಯವರ ಈ ಪೋಳಿ-ಭಾಜಿ, ಅಂದರೆ ಚಪಾತಿ-ಪಲ್ಯದ, ಕೇಂದ್ರದಲ್ಲಿ ಎಲ್ಲರಿಗೂ ಭಾಮಕ್ಕ. ಸಂಬಳ ಚಪಾತಿ ಲಟ್ಟಿಸುವುದಕ್ಕೆ, ಮಾಡುವ ಕೆಲಸ ಓದುವುದು. ವರ್ಷಗಳಿಂದ ನಿರಾಳವಾಗಿ ಪುಸ್ತಕ ಬಿಡಿಸುತ್ತಿದ್ದ ಭಾಮಕ್ಕ ಇಂದು ಮಾತ್ರ ಕನ್ನಡಕ ಒರೆಸುತ್ತಲೇ ಇದ್ದಾರೆ. ಎದುರಿಗೆ ಕೂತಿರುವ ಬಾಗಿ ಎಂಬವಳು ತಲೆ ಎತ್ತದೆ ಉಂಡೆ ಹಿಸುಕುತ್ತಿದ್ದಾಳೆ. ಕಳೆದ ಕೆಲವು ವಾರಗಳಿಂದ ಆ ಸ್ಟೀಲ್ ತಟ್ಟೆ ಖಾಲಿಯೇ ಇದೆ. ಇಂದಾದರೂ ಬಾಗಿಯ ಚಪಾತಿ ಅದಕ್ಕೆ ಬೀಳುತ್ತದೋ ಇಲ್ಲವೋ, ಅದೇ ಭಾಮಕ್ಕನ ಚಿಂತೆ.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು, ಆದ್ದರಿಂದ ತಟ್ಟೆಯ ಕಥೆಯನ್ನು ಮೊದಲು ಹೇಳಬೇಕು. ಎಂಟೊಂಬತ್ತು ವರ್ಷಗಳ ಹಿಂದೆ ಭಾಮಕ್ಕನ ಬಲಗೈಗೆ ಕುದಿಯುವ ಎಣ್ಣೆ ಬಿತ್ತು. ಲಟ್ಟಣಿಗೆ ಹಿಡಿಯಲಾಗದವಳಿಗೆ ಚಪಾತಿ ಕೇಂದ್ರದಲ್ಲಿ ಏನು ಕೆಲಸ? ಮನೆಗೆ ಹೋಗೆಂದು ಯಾರಾದರೂ ಹೇಳುವ ಮೊದಲೇ ಹಿರಿಯಳಾದ ಅಪ್ಪಿ ಬಾಯಿ ಹಾಕಿದಳಂತೆ. ಅಪ್ಪಿ ಠಾಣೆಯ ವಾಗ್ಳೆ ಎಸ್ಟೇಟ್ ಕಡೆಯವಳು, ಮೊದಲ ಲೋಕಲ್ ಹಿಡಿದು ಬರುವವಳು, ನಾಲಗೆಗೆ ಹಿಡಿತವಿಲ್ಲದವಳು.

"ನಾನೇ ಹೇಳಿದ್ದು," ಎನ್ನುತ್ತಾಳೆ ಅಪ್ಪಿ. "ಕೈ ಸುಟ್ಟದ್ದಲ್ವಾ, ಬಾಯಿ ಸುಡ್ಲಿಲ್ಲವಲ್ಲ. ಇವಳ ಚೀಲದಲ್ಲಿ ಯಾವಾಗ್ಲೂ ಒಂದು ಪುಸ್ತಕ ಇರ್ತದೆ. ನೀನು ಓದು, ನಿನ್ನ ಪಾಲಿನ ಚಪಾತಿ ನಾವು ಲಟ್ಟಿಸ್ತೇವೆ ಅಂದೆ. ಕೈ ಗುಣ ಆಯ್ತು, ಆದ್ರೆ ಕಥೆ ಮುಗಿದಿರ್ಲಿಲ್ಲ. ಮತ್ತೆ ಬಿಡುದು ಹೇಗೆ?"

ಹಾಗೆ ಶುರುವಾದ ಪದ್ಧತಿ ಇದು. ಪ್ರತಿಯೊಬ್ಬಳೂ ತನ್ನ ಪಾಲಿನ ಜೊತೆಗೆ ಆಗಾಗ ಒಂದು ಚಪಾತಿಯನ್ನು ಓದುವವಳ ತಟ್ಟೆಗೆ ಹಾಕುತ್ತಾಳೆ. ಅದನ್ನು ಯಾರೂ ಲೆಕ್ಕ ಇಡುವುದಿಲ್ಲ. ಕಥೆ ಚೆನ್ನಾಗಿದ್ದರೆ ತಟ್ಟೆ ಬೇಗ ತುಂಬುತ್ತದೆ, ಅಷ್ಟೆ.

ಉಡುಪಿ ಕಡೆಯ ಮುರಾರಿಯವರಿಗೆ ಮೊದಮೊದಲು ಇದು ಹಿಡಿಸಲಿಲ್ಲ. ಎಂಟು ಗಂಟೆಯೊಳಗೆ ಆಫೀಸಿನವರ ಡಬ್ಬಿ ಕಟ್ಟಬೇಕಾದ ಜಾಗದಲ್ಲಿ ಹರಿಕಥೆ ಬೇರೆ ಕೇಡು ಎಂದು ಗೊಣಗಿದರು. ಆದರೆ ಒಂದು ತಿಂಗಳಲ್ಲಿ ಅವರೇ ಒಂದು ಸಂಗತಿ ಗಮನಿಸಿದರು. ಯಾರೂ ತಡವಾಗಿ ಬರುತ್ತಿಲ್ಲ. ಏಕೆಂದರೆ ಭಾಮಕ್ಕನದು ಒಂದೇ ಕಾನೂನು: ಬಾರದವರಿಗಾಗಿ ಕಥೆ ಹಿಂದಕ್ಕೆ ಹೋಗುವುದಿಲ್ಲ.

"ಈಗ ನನಗೆ ಒಳಗೆ ಬರುದೇ ಬೇಡ," ಎಂದು ಮುರಾರಿ ನಗುತ್ತಾರೆ. "ಕಥೆಯಲ್ಲಿ ಮದುವೆ ಇದ್ರೆ ಚಪಾತಿ ಕಾಗದದ ಹಾಗೆ ತೆಳು. ಅತ್ತೆ ಸೊಸೆಗೆ ಬೈದ ದಿನ ಅಂಚು ಕರಿ. ಒಮ್ಮೆ ಅದರಲ್ಲಿ ಯಾರದೋ ಮಗು ಕಳೆದುಹೋಗಿತ್ತು. ಆ ದಿನ ಗಿರಾಕಿಗಳೆಲ್ಲ ಫೋನ್ ಮಾಡಿದ್ರು, 'ಆಜ್ ಪೋಳ್ಯಾ ಜಾಡ್ ಕಾ ಝಾಲ್ಯಾ?', ಇವತ್ತು ಚಪಾತಿ ಯಾಕೆ ದಪ್ಪ ಅಂತ. ಎಂತ ಹೇಳುದು ಅವರಿಗೆ? ಮಗು ಸಿಗ್ಲಿ, ನಾಳೆ ತೆಳು ಮಾಡಿಸ್ತೇನೆ ಅಂತ ಹೇಳ್ಲಿಕ್ಕಾಗ್ತದಾ?"

ಭಾಮಕ್ಕ ಕಲಿತದ್ದು ಉಡುಪಿ ಬಳಿಯ ಹಿರಿಯಡ್ಕದ ಶಾಲೆಯಲ್ಲಿ ಏಳನೆಯವರೆಗೆ. ಮದುವೆಯಾಗಿ ಠಾಣೆಗೆ ಬಂದಾಗ ಗಂಡ ಕಿಟ್ಟು ಮಾಜಿವಾಡಾದ ಒಂದು ಹೋಟೆಲಿನಲ್ಲಿ ಸಪ್ಲಾಯರ್. ಬೆಳಗ್ಗೆ ಹೋದರೆ ರಾತ್ರಿ ಬರುವ ಗಂಡ, ಗುರುತಿಲ್ಲದ ಭಾಷೆಯ ನೆರೆಹೊರೆ. ಒಂಟಿ ಕೋಣೆಯಲ್ಲಿ ಸಾಮಾನು ಕಟ್ಟಿ ಬಂದ ಕನ್ನಡ ಪತ್ರಿಕೆಯ ತುಂಡುಗಳನ್ನೂ ಬಿಡದೆ ಓದಿದವರು ಅವರು. "ಧಾರಾವಾಹಿಯ ಒಂದು ಕಂತು ಸಿಕ್ಕಿದ್ರೆ ಹಿಂದಿನದ್ದು, ಮುಂದಿನದ್ದು ಎಲ್ಲ ನಾನೇ ಕಟ್ಟಿಕೊಳ್ತಿದ್ದೆ," ಎನ್ನುತ್ತಾರೆ. ಆ ಅಭ್ಯಾಸವೇ ಮುಂದೆ ಅವರನ್ನು ಪೇಚಿಗೆ ಸಿಕ್ಕಿಸಿತು ಎನ್ನಬೇಕು.

ಈಗ ಪುಸ್ತಕ ಬರುವುದು ವಾಶಿಯ ಒಂದು ಕನ್ನಡ ಸಂಘದ ಕಪಾಟಿನಿಂದ. ಸಂಜೆ ಮನೆಯಲ್ಲಿ ಮರುದಿನದ ಅಧ್ಯಾಯವನ್ನು ಒಮ್ಮೆ ಓದಿ, ಎಲ್ಲಿ ನಿಲ್ಲಿಸಬೇಕೆಂದು ನೋಡಿ, ಅಲ್ಲಿ ಬಸ್ ಟಿಕೆಟ್ ಇಡುತ್ತಾರೆ. ನಿಲ್ಲಿಸುವ ಜಾಗ ಯಾವಾಗಲೂ ಒಂದೇ ಜಾತಿಯದು: ಯಾರೋ ಬಾಗಿಲು ಬಡಿದಿರುತ್ತಾರೆ, ಯಾರೆಂದು ತಿಳಿದಿರುವುದಿಲ್ಲ. ಐವರೂ ಒಕ್ಕೊರಲಿನಿಂದ "ಅಯ್ಯೋ ಭಾಮಕ್ಕಾ" ಎಂದು ಶಪಿಸುತ್ತ ಮಣೆ ಎತ್ತುತ್ತಾರೆ. ಮನೆಯಲ್ಲಿ ಎಲ್ಲರ ಮಾತು ತುಳು, ಮಕ್ಕಳ ಮಾತು ಹಿಂದಿ, ಮರಾಠಿ. ಕಥೆಗೆ ಮಾತ್ರ ಕನ್ನಡ.

ಬಾಗಿ ವಾಗ್ಳೆ ಎಸ್ಟೇಟಿನಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಗೊತ್ತಿಲ್ಲ. ಗಂಡ ವಾಸು ತುರ್ಭೆಯ ಮಾರ್ಕೆಟ್ಟಿನಲ್ಲಿ ಸ್ವಂತ ಟೆಂಪೋ ಓಡಿಸುತ್ತಿದ್ದ. ಕಳೆದ ವರ್ಷ ಭಾಮಕ್ಕ ಕೈಗೆತ್ತಿಕೊಂಡದ್ದು ಒಂದು ಬಂದರಿನ ಊರಿನ ಕಾದಂಬರಿ. ಅದರಲ್ಲೊಬ್ಬಳು ಶಾಲೆಯ ಟೀಚರು, ಅವಳ ಗಂಡ ನದಿ ದಾಟಿಸುವ ಲಾಂಚು ನಡೆಸುವವನು. ಹೆಂಗಸರು ಅವರನ್ನು ಹೆಸರಿನಿಂದ ಕರೆಯಲೇ ಇಲ್ಲ. ಟೀಚರು, ಲಾಂಚಿನವ, ಅಷ್ಟೆ. ಕಥೆಯಲ್ಲಿ ಲಾಂಚಿನವ ಕಾಯಿಲೆ ಬಿದ್ದ ವಾರವೇ ಇಲ್ಲಿ ವಾಸು ಲಕ್ವ ಹೊಡೆದು ಆಸ್ಪತ್ರೆ ಸೇರಿದ.

ಬಾಗಿ ಒಂದು ದಿನವೂ ಕೆಲಸ ತಪ್ಪಿಸಲಿಲ್ಲ. ಆಸ್ಪತ್ರೆಯಿಂದ ನೇರ ಬಂದು ಕೂತು, ಮೊದಲು ಕೇಳುವ ಮಾತು "ಲಾಂಚಿನವ ಹೇಗಿದ್ದಾನೆ ಅಕ್ಕಾ?" ಅವಳ ಮನಸ್ಸಿನಲ್ಲಿ ಎರಡು ಮಂಚಗಳು ಒಂದೇ ಆಗಿವೆಯೆಂದು ಎಲ್ಲರಿಗೂ ಅರ್ಥವಾಗುತ್ತಿತ್ತು. ಲಾಂಚಿನವ ಗಂಜಿ ಕುಡಿದನೆಂದರೆ ಇವಳ ಮುಖದಲ್ಲಿ ಗೆಲುವು.

ಒಂದು ಸಂಜೆ ಭಾಮಕ್ಕ ಮನೆಯಲ್ಲಿ ಮುಂದಿನ ಅಧ್ಯಾಯ ತೆರೆದರೆ, ಲಾಂಚಿನವ ಸತ್ತುಹೋದ.

"ಪುಸ್ತಕ ಅಲ್ಲೇ ಮುಚ್ಚಿದೆ. ಇವರ ಹತ್ರ ಹೇಳಿದೆ, ನಾಳೆ ಹೇಗೆ ಓದುದು ಅಂತ. ಇವರೆಂತ ಹೇಳಿದ್ದು ಗೊತ್ತುಂಟಾ? 'ಓದುವವಳು ನೀನು. ಅಲ್ಲಿ ಯಮನೂ ನೀನೇ ಅಲ್ವಾ' ಅಂತ."

ಮರುದಿನ ಭಾಮಕ್ಕ ಪುಟದ ಮೇಲೆ ಕಣ್ಣಿಟ್ಟು, ಸತ್ತವನನ್ನು ಬಾಯಲ್ಲಿ ಬದುಕಿಸಿದರು. ಜ್ವರ ಇಳಿಯಿತು ಎಂದು ಓದಿದರು. ಬಾಗಿ ಅತ್ತಳು. ತಟ್ಟೆ ಅಂದು ಎಂದಿಗಿಂತ ಬೇಗ ತುಂಬಿತು.

ಸುಳ್ಳಿನ ಕಷ್ಟ ಶುರುವಾದದ್ದು ಅದರ ಮಾರನೆಯ ದಿನದಿಂದ. ಪುಸ್ತಕದಲ್ಲಿ ಟೀಚರು ಒಂಟಿ, ಭಾಮಕ್ಕನ ಬಾಯಲ್ಲಿ ಜೊತೆಗೊಬ್ಬ ಗಂಡ. ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಅವನನ್ನು ಎಲ್ಲಿ ಕೂರಿಸುವುದು, ಏನು ಮಾಡಿಸುವುದು? ಜಗಲಿಯಲ್ಲಿ ಕೂರಿಸಿದರು, ಕೆಮ್ಮಿಸಿದರು, ಗಂಜಿ ಕುಡಿಸಿ ಮಲಗಿಸಿದರು. ಮಾತಾಡಿಸಲು ಮಾತ್ರ ಧೈರ್ಯ ಸಾಲಲಿಲ್ಲ. ಬರೆದವರು ಕೊಡದ ಮಾತನ್ನು ತಾನು ಕೊಡುವುದು ಹೇಗೆ ಎಂಬ ಅಳುಕು.

ಅಪ್ಪಿ ಸುಮ್ಮನಿರುವವಳೇ? "ಅಲ್ಲ ಮಾರಾಯ್ತಿ, ಈ ಮನುಷ್ಯ ಎಂಟು ದಿನದಿಂದ ಬಾಯಿ ಬಿಡ್ಲಿಲ್ಲ. ಬದುಕಿದ್ದಾನಾ, ಅಥವಾ ಪಟ ತೂಗಿಸಿದ್ದಾ?" ಎಂದು ಕೇಳಿಯೇಬಿಟ್ಟಳು. ಗಾಬರಿಯಲ್ಲಿ ಭಾಮಕ್ಕ ಪುಟಗಟ್ಟಲೆ ಹಾರಿಸಿ ಕಥೆ ಮುಗಿಸಿದರು. ಅಷ್ಟು ದಪ್ಪದ ಪುಸ್ತಕ ಇಷ್ಟು ಬೇಗ ಮುಗಿಯಿತೇ ಎಂದರೆ, "ಅಕ್ಷರ ದೊಡ್ಡದು" ಎಂದರಂತೆ.

ವಾಸು ಬದುಕಿ ಮನೆಗೆ ಬಂದ. ಆದರೆ ಎಡಗೈ, ಎಡಗಾಲಿಗೆ ಬಲವಿಲ್ಲ. ಟೆಂಪೋ ಕಟ್ಟಡದ ಕೆಳಗೆ ತಾಡಪಾಲು ಹೊದ್ದು ನಿಂತಿತು. ಹೊತ್ತು ಹೋಗದ ಗಂಡನಿಗೆ ಬಾಗಿ ಲಾಂಚಿನವನ ಕಥೆ ಹೇಳಿದ್ದೇ ಹೇಳಿದ್ದು: ಅವನೂ ಹೀಗೆ ಮಲಗಿದ್ದ, ಎದ್ದ, ನೀವೂ ಏಳುತ್ತೀರಿ. ವಾಸು ಕನ್ನಡ ಓದಬಲ್ಲವನು. ಪುಸ್ತಕವನ್ನೇ ತಂದುಕೊಡು ಎಂದ. ಬಾಗಿ ಸಂಘಕ್ಕೆ ಹೋಗಿ ತಂದುಕೊಟ್ಟಳು.

ಮುಂದಾದದ್ದನ್ನು ಊಹಿಸಬಹುದು. ವಾಸು ಆ ಪುಟಕ್ಕೆ ಬಂದು ನಿಂತ. ಕೋಪಿಸಿಕೊಳ್ಳಲಿಲ್ಲ, ನಕ್ಕನಂತೆ: "ಭಾಮಕ್ಕ ನನಗೋಸ್ಕರ ಒಬ್ಬನನ್ನು ಬದುಕಿಸಿದ್ದಾರೆ." ಆದರೆ ಅದರಾಚೆಯ ಪುಟ ಓದಲು ಅವನಿಂದಾಗಲಿಲ್ಲ. ಬೆರಳಿನಿಂದ ಹಾಳೆ ಮಗುಚಿ ನೋಡಿ, ಉಳಿದದ್ದೆಲ್ಲ ಆ ಟೀಚರು ಒಬ್ಬಳೇ ನಡೆಸಿದ ಕಥೆ ಎಂದು ಹೇಳಿ ಮುಚ್ಚಿಟ್ಟ.

ಕೋಪ ಬಂದದ್ದು ಬಾಗಿಗೆ. ಮರುದಿನ ಪುಸ್ತಕವನ್ನು ಎಣ್ಣೆ ಡಬ್ಬದ ಮೇಲೆ ಇಟ್ಟು ಅವಳು ಹೇಳಿದ ಮಾತು ಭಾಮಕ್ಕನಿಗೆ ಈಗಲೂ ಕಿವಿಯಲ್ಲಿದೆ. "ಅವ ಸತ್ತದ್ದು ಮುಚ್ಚಿಟ್ಟಿರಿ, ಆಯ್ತು, ನನ್ನ ಒಳ್ಳೇದಕ್ಕೆ. ಆದ್ರೆ ಅರ್ಧ ಪುಸ್ತಕ ಅವಳೊಬ್ಬಳದ್ದೇ ಅಂತೆ. ಅವಳು ಹೇಗೆ ನಡೆಸಿದ್ಲು ಅಂತ ನನಗೆ ಬೇಕಿತ್ತು ಅಕ್ಕಾ. ಅದನ್ನು ಯಾಕೆ ಕೊಡ್ಲಿಲ್ಲ?"

ಭಾಮಕ್ಕ ಪುಸ್ತಕವನ್ನು ಚೀಲಕ್ಕೆ ಹಾಕಿದರು. ಮರುದಿನ ಅವರೇ ಮಣೆ ಹಾಕಿಕೊಂಡು ಲಟ್ಟಿಸಲು ಕೂತರು. "ನಾನು ಓದಿದ್ರೆ ಇನ್ನು ಇವರೆಲ್ಲ ನಂಬುದು ಹೇಗೆ? ಪುಸ್ತಕದಲ್ಲಿ ಬೆಳಗಾಯ್ತು ಅಂದ್ರೂ, ನಿಜವಾಗಿ ಆಯ್ತಾ ಅಂತ ಕೇಳ್ಬಹುದು." ವಾರಗಟ್ಟಲೆ ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಅಪ್ಪಿಯೂ ಮೊದಲ ಗಾಡಿ ತಪ್ಪಿಸತೊಡಗಿದಳು. ಕೊನೆಗೆ, ಹರಿಕಥೆ ಕೇಡು ಎಂದಿದ್ದ ಮುರಾರಿಯವರೇ ಬಾಗಿಲಲ್ಲಿ ನಿಂತು, "ಎಂತಾದ್ರೂ ಓದಿ ಮಾರಾಯ್ರೆ, ಸ್ಮಶಾನದ ಹಾಗೆ ಆಗಿದೆ" ಎಂದರು.

ಆಗ ತಲೆ ಎತ್ತದೆಯೇ ಬಾಗಿ ಹೇಳಿದಳು: "ಅದನ್ನೇ ಓದ್ಲಿ. ಅವ ಸತ್ತಲ್ಲಿಂದ. ಇದ್ದದ್ದು ಇದ್ದ ಹಾಗೆ."

ಇಂದು ಆ ಬೆಳಗು. ಕನ್ನಡಕ ಕೊನೆಗೂ ಮೂಗಿನ ಮೇಲೆ ಕೂರುತ್ತದೆ. ಭಾಮಕ್ಕ ಓದತೊಡಗುತ್ತಾರೆ. ದೊಡ್ಡ ದನಿಯಲ್ಲ, ನಟನೆಯಿಲ್ಲ. ಪಕ್ಕದ ಮನೆಯ ಸುದ್ದಿ ಹೇಳುವ ಧಾಟಿ. ಲಾಂಚಿನವನ ಉಸಿರು ನಿಲ್ಲುವ ಸಾಲು ಬರುತ್ತದೆ. ಈ ಸಲ ಸಾಲು ಬದಲಾಗುವುದಿಲ್ಲ. ಅವನು ಸಾಯುತ್ತಾನೆ. ಐದೂ ಲಟ್ಟಣಿಗೆಗಳು ನಿಲ್ಲುತ್ತವೆ. ತವಾದ ಮೇಲಿನ ಚಪಾತಿ ಸುಟ್ಟ ವಾಸನೆ ಬಂದರೂ ಯಾರೂ ಏಳುವುದಿಲ್ಲ. ಗೊತ್ತಿದ್ದ ಸಾವಿಗೇ ಅಪ್ಪಿ ಸೆರಗು ಬಾಯಿಗಿಟ್ಟು ಅಳುತ್ತಾಳೆ.

ಬಸ್ ಟಿಕೆಟ್ ಇರುವುದು ಅಲ್ಲೇ. ಭಾಮಕ್ಕ ಪುಸ್ತಕ ಮುಚ್ಚಲು ಹೋಗುತ್ತಾರೆ.

"ಇವತ್ತು ಅಲ್ಲಿ ನಿಲ್ಲಿಸ್ಬೇಡಿ," ಎನ್ನುತ್ತಾಳೆ ಬಾಗಿ. "ಮರುದಿನ ಟೀಚರು ಎಂತ ಮಾಡಿದ್ಲು?"

ವರ್ಷಗಳಲ್ಲಿ ಮೊದಲ ಬಾರಿಗೆ ಭಾಮಕ್ಕ ಟಿಕೆಟ್ ದಾಟಿ ಓದುತ್ತಾರೆ. ಮರುದಿನ ಟೀಚರು ಶಾಲೆಗೆ ರಜೆ ಹೇಳುತ್ತಾಳೆ. ಲಾಂಚು ಕೊಳ್ಳಲು ಬಂದವರಿಗೆ ಚಹಾ ಕೊಟ್ಟು ಕಳಿಸುತ್ತಾಳೆ. ಅವರು ಹೋದ ಮೇಲೆ ಲಾಂಚು ನಿಲ್ಲುವ ದಕ್ಕೆಗೆ ಇಳಿದು, ಕಟ್ಟಿದ ಲಾಂಚಿನೊಳಗೆ ಕೂತು, ಯಾವ ಕೀಲಿ ಯಾವುದಕ್ಕೆ ಎಂದು ಒಂದೊಂದನ್ನೇ ಮುಟ್ಟಿ ನೋಡುತ್ತಾಳೆ. ಬಾಗಿ ಉಂಡೆ ಎತ್ತಿಕೊಂಡು ಲಟ್ಟಿಸುತ್ತಾಳೆ, ಬೇಯಿಸುತ್ತಾಳೆ, ಎದ್ದು ಬಂದು ಸ್ಟೀಲ್ ತಟ್ಟೆಗೆ ಹಾಕುತ್ತಾಳೆ. ಭಾಮಕ್ಕ ಪುಟದಿಂದ ಕಣ್ಣೆತ್ತುವುದಿಲ್ಲ. ಆದರೆ ಮುಂದಿನ ಸಾಲನ್ನು ಎರಡು ಸಲ ಓದುತ್ತಾರೆ.

ಎಂಟಕ್ಕೆ ಡಬ್ಬಿಗಳು ಹೊರಡುತ್ತವೆ. ಮಣೆ ತೊಳೆಯುತ್ತ ಬಾಗಿ ಹೇಳುತ್ತಾಳೆ: "ಟೆಂಪೋ ಮಾರುವಾ ಅಂತ ಇವರು ಹೇಳ್ತಾ ಇದ್ದಾರೆ. ಇನ್ನೆರಡು ಅಧ್ಯಾಯ ಆಗ್ಲಿ ಅಂತ ಹೇಳ್ತೇನೆ."

ಮತ್ತೆಂದಾದರೂ ಕಥೆ ಬದಲಿಸುವಿರಾ ಎಂದು ಕೇಳಿದರೆ ಭಾಮಕ್ಕ ಜೋರಾಗಿ ತಲೆಯಾಡಿಸುತ್ತಾರೆ, ಇಲ್ಲವೆಂದು. ಪುಸ್ತಕವನ್ನು ಚೀಲಕ್ಕೆ ಹಾಕುತ್ತಾರೆ. ಬಾಗಿಲವರೆಗೆ ಹೋದವರು ಏನೋ ನೆನಪಾದಂತೆ ನಿಲ್ಲುತ್ತಾರೆ.

"ಒಂದು ಆಸೆ ಮಾತ್ರ ಉಂಟು. ಅವನನ್ನು ಬದುಕಿಸಿದ್ದಕ್ಕೆ ನನಗೆ ಬೇಜಾರಿಲ್ಲ. ಬದುಕಿಸಿ ಸುಮ್ಮನೆ ಮಲಗಿಸಿದೆ ನೋಡಿ, ಅದು ತಪ್ಪಾಯ್ತು. ಒಂದು ಮಾತು ಆಡಿಸ್ಬೇಕಿತ್ತು ಅವನ ಹತ್ರ. 'ಚುಕ್ಕಾಣಿ ನೀನು ಹಿಡಿ, ನಾನು ಇಲ್ಲಿ ಕೂತು ಹೇಳಿಕೊಡ್ತೇನೆ' ಅಂತ."