ಲಿಲ್ಲಿ ಬಾಯಿಯ ಎರಡನೆಯ ಪುಸ್ತಕ

2002ರಲ್ಲಿ ನಾನು ವಾಯವ್ಯ ಲಂಡನ್ನಿನ ಒಂದು ಸಣ್ಣ ಕಂಪನಿಯಲ್ಲಿ ಸಿಸ್ಟಮ್ಸ್ ಇಂಜಿನಿಯರ್ ಆಗಿದ್ದೆ. ಎತ್ತರದ ವಸತಿ ಕಟ್ಟಡಗಳ ಲಿಫ್ಟುಗಳನ್ನು ದೂರದಿಂದ ಕಾಯುವುದು ಕಂಪನಿಯ ಕೆಲಸ. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಹಳದಿ ಗುಂಡಿ ಒತ್ತಿದರೆ ಕರೆ ಕೊಲಿಂಡೇಲ್‌ನಲ್ಲಿದ್ದ ನಮ್ಮ ಕಂಟ್ರೋಲ್ ರೂಮಿಗೆ ಬರುತ್ತಿತ್ತು. ಆ ಕರೆಗಳನ್ನು ಹಿಡಿದು ಆಪರೇಟರಿಗೆ ಕೊಡುತ್ತಿದ್ದದ್ದು ಲಿನಕ್ಸ್ ಓಡುವ ಒಂದು ಸರ್ವರ್. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಅದು ನಿಂತರೆ ಯಂತ್ರವೇ ನಿಂತಂತೆ. ಟೆಲಿಫೋನ್ ಲೈನುಗಳ ಕಾರ್ಡಿಗೂ ಕರ್ನಲ್‌ಗೂ ನಡುವೆ ಮಾತುಕತೆ ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ ನಾನೇ ಬರೆದದ್ದು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ನಾನು ಧಾರವಾಡದವಳು. ಕಂಪನಿ ಕೊಡಿಸಿದ ವರ್ಕ್ ಪರ್ಮಿಟ್ ಮೇಲೆ ಬಂದಿದ್ದೆ, ಗಂಡ ನನ್ನ ಪರ್ಮಿಟ್ಟಿನ ಆಧಾರದಲ್ಲಿ ಬಂದಿದ್ದರು. ಈ ಕೆಲಸ ಹೋದರೆ ಎಜ್‌ವೇರ್‌ನ ಫ್ಲಾಟ್ ಖಾಲಿ ಮಾಡಿ ಇಬ್ಬರೂ ಗಂಟುಮೂಟೆ ಕಟ್ಟಬೇಕು. ಈ ಲೆಕ್ಕ ಬೆಳಿಗ್ಗೆ ಟ್ಯೂಬ್ ರೈಲು ಹತ್ತುವಾಗಲೂ ತಲೆಯಲ್ಲಿರುತ್ತಿತ್ತು.

ಹಗಲಿನ ಆಪರೇಟರ್ ಉಡುಪಿ ಕಡೆಯ ಲಿಲ್ಲಿ ಬಾಯಿ. ಕೊಂಕಣಿ ಮನೆಮಾತಿನ ಕೆಥೊಲಿಕ್ ಹೆಂಗಸು, ವಯಸ್ಸು ಐವತ್ತೆಂಟು. ಗುಂಡಿ ಒತ್ತಿದವರಿಗೆ ಅವರು ಹೇಳುತ್ತಿದ್ದ ಮೊದಲ ಮಾತು 'ನಾನಿದ್ದೇನೆ' ಎಂದು, ಇಂಗ್ಲಿಷಿನಲ್ಲಿ. ನನ್ನನ್ನು ಮಗಳಂತೆ ಕಂಡು ಡಬ್ಬಿಯ ಮೀನನ್ನೂ ಮುಂದಿಡುತ್ತಿದ್ದರು, ನಾನು ತಿನ್ನುವುದಿಲ್ಲವೆಂದು ನೆನಪಾಗಿ ತಾವೇ ನಗುತ್ತಿದ್ದರು.

ಆ ವರ್ಷ ಹಳೆಯ ಸರ್ವರ್ ತೆಗೆದು ಎರಡು ಪ್ರೊಸೆಸರ್ ಇರುವ ಹೊಸದನ್ನು ಹಾಕಿದೆವು. ಅಲ್ಲಿಂದ ಪೀಡೆ ಹತ್ತಿಕೊಂಡಿತು. ನಾಲ್ಕೈದು ದಿನಕ್ಕೊಮ್ಮೆ ಯಂತ್ರ ಇದ್ದಲ್ಲೇ ಹೆಪ್ಪುಗಟ್ಟುತ್ತಿತ್ತು. ಪರದೆಯ ಮೇಲೆ ಎಲ್ಲವೂ ಸರಿ ಎಂದೇ ಬರೆದಿರುತ್ತಿತ್ತು, ಆದರೆ ಹೊಸ ಕರೆ ಒಳಗೆ ಬರುತ್ತಿರಲಿಲ್ಲ. ಪವರ್ ಬಟನ್ ಒತ್ತಿ ಮತ್ತೆ ಚಾಲೂ ಮಾಡುವುದೊಂದೇ ದಾರಿ. ಮೆಮೊರಿ ಬದಲಿಸಿದೆವು, ಕೇಬಲ್ ಬದಲಿಸಿದೆವು. ಪ್ರಯೋಜನವಾಗಲಿಲ್ಲ.

ಐದನೆಯ ಸಲ ಹೀಗಾದಾಗ ಒಬ್ಬ ವೃದ್ಧೆ ಐವತ್ತು ನಿಮಿಷ ಲಿಫ್ಟಿನೊಳಗೆ ಗುಂಡಿ ಒತ್ತುತ್ತ ನಿಂತಿದ್ದರು. ಆಸ್ಪತ್ರೆ ಸೇರಿ ಉಳಿದುಕೊಂಡರು, ನಮ್ಮ ಪುಣ್ಯ. ಮರುದಿನ ಮ್ಯಾನೇಜರ್ ಕೀತ್ ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದ: "ತಪ್ಪು ನಿನ್ನ ಸಾಫ್ಟ್‌ವೇರಿನಲ್ಲಿದೆಯೇ?"

"ನನ್ನ ಮೇಜಿನ ಮೇಲಿನ ಯಂತ್ರದಲ್ಲಿ ಮೂರು ವಾರದಿಂದ ನಿಲ್ಲದೆ ಓಡುತ್ತಿದೆ," ಎಂದೆ. ಸುಳ್ಳಲ್ಲ. ಆದರೆ ಆ ಮಾತಿನ ಹಿಂದೆ ನಿಂತಿದ್ದದ್ದು ನನ್ನ ಪರ್ಮಿಟ್ಟಿನ ಭಯ.

ಕರ್ನಲ್ ಹೀಗೆ ಒಮ್ಮೆಲೇ ನಿಂತಾಗ, ಯಂತ್ರ ತನ್ನ ಆಗುಹೋಗುಗಳನ್ನು ತಾನೇ ಬರೆದಿಡುವ ಲಾಗ್‌ನಲ್ಲಿ ಒಂದಕ್ಷರವೂ ಬೀಳುವುದಿಲ್ಲ. ಕೀತ್ ಲಾಗ್ ತೆರೆದು ನೋಡಿದರೆ ಕಾಣುವುದು ಇಷ್ಟೇ: ಯಂತ್ರ ಚೆನ್ನಾಗಿ ಓಡುತ್ತಿತ್ತು, ಯಾರೋ ಪವರ್ ಬಟನ್ ಒತ್ತಿದರು. ಒತ್ತಿದವರು ಲಿಲ್ಲಿ ಬಾಯಿ. ಹಾರ್ಡ್‌ವೇರ್ ಸರಿ, ಸಾಫ್ಟ್‌ವೇರ್ ಸರಿ, ಹಾಗಾದರೆ ಉಳಿದವರು ಅವರೇ. ಸೀಟಿನಲ್ಲಿಲ್ಲದೆ ಕರೆ ತಪ್ಪಿಸಿ, ಆಮೇಲೆ ಬಟನ್ ಒತ್ತಿದರು ಎಂಬ ಆರೋಪಕ್ಕೆ ಶುಕ್ರವಾರ ವಿಚಾರಣೆ, ಅಲ್ಲಿಯವರೆಗೆ ಕೆಲಸ ಮಾಡಬಹುದು ಎಂದು ಅವರ ಕೈಗೆ ಕಾಗದ ಕೊಟ್ಟರು.

"ನಾನು ಸೀಟು ಬಿಟ್ಟು ಏಳ್ಲಿಲ್ಲ, ದೇವರಾಣೆ," ಎಂದರು ಲಿಲ್ಲಿ ಬಾಯಿ. "ಮೆಷಿನ್ ಸರಿ ಉಂಟು ಅಂತ ನೀನೇ ಹೇಳಿದ್ದಂತೆ, ಹೌದಾ?"

"ನಾ ಹಂಗ ಹೇಳಿಲ್ರಿ ಬಾಯಿ," ಎಂದು ಶುರುಮಾಡಿದೆ. ಹಾಗೆಯೇ ಹೇಳಿದ್ದೆನಲ್ಲ.

ಆಗ ಅವರು ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದರು. ಕಂಪನಿಯ ಇಂಗ್ಲಿಷ್ ಫಾರಂನಲ್ಲಿ ಕಟ್ಟಡ, ವೇಳೆ, ಸಹಿ ಇಷ್ಟಕ್ಕೇ ಜಾಗ. ಸಿಕ್ಕಿಕೊಂಡವರು ಹೇಗಿದ್ದರು, ಏನೆಂದರು ಎಂಬುದನ್ನೆಲ್ಲ ಅವರು ಈ ಎರಡನೆಯ ಪುಸ್ತಕದಲ್ಲಿ, ಕನ್ನಡ ಲಿಪಿಯ ಕೊಂಕಣಿಯಲ್ಲಿ ಬರೆದಿಡುತ್ತಿದ್ದರು. ಕೀತ್ ಅದನ್ನು ಅಡುಗೆಯ ಪುಸ್ತಕ ಅಂದುಕೊಂಡಿದ್ದನಂತೆ. ನನಗೋ ಅಕ್ಷರ ಬರುತ್ತದೆ, ಭಾಷೆ ಬರುವುದಿಲ್ಲ. ಅವರ ಒಂದು ಕಿವಿಗೆ ಹೆಡ್‌ಸೆಟ್, ಕಣ್ಣು ಪರದೆಯ ಮೇಲೆ. ಹಾಗಾಗಿ ನಾನು ಗಿಳಿಯಂತೆ ಗಟ್ಟಿಯಾಗಿ ಓದುವುದು, ಅವರು ಕೇಳಿ ಅರ್ಥ ಹೇಳುವುದು. ಯಂತ್ರ ನಿಂತ ಐದೂ ದಿನಗಳ ಕೊನೆಯ ಕರೆಯನ್ನು ಓದಿದೆ. ಐದರಲ್ಲೂ ಒಂದೇ ಸಾಲಿತ್ತು.

"ಹೆದರಿ ಗುಂಡಿ ಒತ್ತುತ್ತಾ ಇದ್ರು ಅಂತ," ಎಂದರು ಲಿಲ್ಲಿ ಬಾಯಿ. "ಮಾತಾಡ್ತಾ ಇರುವಾಗ ಮತ್ತೆ ಒತ್ತಿದ್ರೆ ಲೈನ್ ಕಟ್ಟಾಗ್ತದೆ. ಎಷ್ಟು ಹೇಳಿದ್ರೂ ಕೇಳುವುದಿಲ್ಲ, ಪಾಪ."

ನನ್ನ ಮೇಜಿನ ಮೇಲಿನ ಪರೀಕ್ಷೆಯಲ್ಲಿ ಯಾರೂ ಹೆದರಿರಲಿಲ್ಲ. ನಾನು ಬರೆದ ಕಾಲ್ಪನಿಕ ಕರೆಗಾರರೆಲ್ಲ ಸಭ್ಯರು, ಒಮ್ಮೆ ಒತ್ತಿ ಸುಮ್ಮನೆ ಕಾಯುವವರು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆ ಇಟ್ಟುಕೊಂಡೆ. ಉಳಿದ ಕಟ್ಟಡಗಳ ಕರೆಗಳನ್ನು ಹಳೆಯ ಸರ್ವರಿಗೆ ತಿರುಗಿಸಿ, ಒಂದು ಕಟ್ಟಡವನ್ನು ಮಾತ್ರ ಹೊಸದಕ್ಕೆ ಬಿಟ್ಟೆ. ಲಿಫ್ಟ್ ಮೆಕ್ಯಾನಿಕ್ ಕಟ್ಟಡದ ತುದಿಯ ಮೋಟಾರ್ ರೂಮಿನಲ್ಲಿದ್ದು ಲಿಫ್ಟನ್ನು ಏಳು ಎಂಟನೆಯ ಮಹಡಿಗಳ ನಡುವೆ ನಿಲ್ಲಿಸಬೇಕು. ಒಳಗೆ ನಾನು. "ಕಂಟ್ರೋಲ್ ರೂಮಿನಿಂದ ನಿನ್ನ ಪೇಜರಿಗೆ ಸಂದೇಶ ಬರುವ ತನಕ, ನಾನು ಎಷ್ಟೇ ಕೂಗಿದರೂ ಲಿಫ್ಟ್ ಬಿಡಬೇಡ," ಎಂದು ಅವನಿಗೆ ತಾಕೀತು ಮಾಡಿದ್ದೆ.

ಗುಂಡಿ ಒತ್ತಿದೆ. "ನಾನಿದ್ದೇನೆ ಸುಧಾ, ಹೇಳು," ಎಂದರು ಲಿಲ್ಲಿ ಬಾಯಿ. ಅವರು ಮಾತಾಡುತ್ತಿದ್ದಂತೆಯೇ ಮತ್ತೆ ಒತ್ತಿದೆ, ಮತ್ತೆ, ಮತ್ತೆ. ಪ್ರತಿ ಸಲ ಲೈನ್ ಕಡಿದು ಮತ್ತೆ ಕರೆ ಹೋಗುತ್ತಿತ್ತು. ಒಂಬತ್ತನೆಯ ಸಲಕ್ಕೆ ಅರ್ಧದಲ್ಲೇ ಕಡಿದ ಧ್ವನಿ ಮತ್ತೆ ಬರಲಿಲ್ಲ. ಸರ್ವರ್ ನಿಂತಿತ್ತು. ಗೆದ್ದೆ ಎಂದು ಚಪ್ಪಾಳೆ ತಟ್ಟಿದೆ.

ಒಂದೆರಡು ನಿಮಿಷ ಕಳೆದ ಮೇಲೆ ಹೊಳೆಯಿತು. ಪೇಜರಿಗೆ ಸಂದೇಶ ಕಳಿಸುವುದೂ ಅದೇ ಸರ್ವರ್.

ಮೊಬೈಲ್‌ಗೆ ಸಿಗ್ನಲ್ ಇರಲಿಲ್ಲ. ಕೂಗಿದೆ. ಕೂಗಿದರೂ ಬಿಡಬೇಡ ಎಂದವಳು ನಾನೇ. ಪರೀಕ್ಷೆ ಮುಗಿದಿದ್ದರೂ ಗುಂಡಿ ಒತ್ತುತ್ತಲೇ ಇದ್ದೆ, ಬೆರಳು ನನ್ನ ಮಾತು ಕೇಳುತ್ತಿರಲಿಲ್ಲ. ಆ ವೃದ್ಧೆ ಐವತ್ತು ನಿಮಿಷ ಹೇಗೆ ನಿಂತಿದ್ದರೋ ಎಂದು ಆಗ ಮೊದಲ ಬಾರಿಗೆ ಯೋಚಿಸಿದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಅಲ್ಲಿಯೇ, ನೆಲದ ಮೇಲೆ ಕುಳಿತಾಗ, ದೋಷ ಕಂಡಿತು. ಒಂದೇ ಮಾಹಿತಿಯನ್ನು ಎರಡು ಪ್ರೊಸೆಸರ್‌ಗಳು ಒಟ್ಟಿಗೆ ಮುಟ್ಟಬಾರದೆಂದು ಡ್ರೈವರಿನಲ್ಲಿ ಸ್ಪಿನ್‌ಲಾಕ್ ಎಂಬ ಬೀಗ ಹಾಕುತ್ತೇವೆ. ಬೀಗ ಹಿಡಿದ ಪ್ರೊಸೆಸರನ್ನು ಟೆಲಿಫೋನ್ ಕಾರ್ಡ್ ನಡುವೆಯೇ ಕೂಗಿ ಕರೆಯಬಹುದು. ಅದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದ ಪ್ರೊಸೆಸರ್ ಅಲ್ಲಿಯೂ ಅದೇ ಬೀಗ ಕೇಳಿದರೆ? ಬಿಡಬೇಕಾದವನೂ ತಾನೇ, ಕಾಯುವವನೂ ತಾನೇ. ಕೀಲಿ ಜೇಬಿನಲ್ಲಿಟ್ಟುಕೊಂಡು, ಯಾರಾದರೂ ಬಾಗಿಲು ತೆಗೆಯಲಿ ಎಂದು ಹೊರಗೆ ನಿಂತ ಹಾಗೆ. ಬೀಗ ಹಾಕುವಾಗ ಇಂಟರಪ್ಟನ್ನು ತಡೆದಿಡುವ ಆಜ್ಞೆಯೊಂದಿದೆ. ಎಲ್ಲ ಕಡೆ ಬಳಸಿದ್ದೆ, ಮಾತಿನ ನಡುವೆ ಲೈನ್ ಕಡಿಯುವ ಒಂದು ಜಾಗದಲ್ಲಿ ಮರೆತಿದ್ದೆ. ಒಂದೇ ಪ್ರೊಸೆಸರ್ ಇರುವ ಯಂತ್ರಕ್ಕೆ ಕರ್ನಲ್ ತಯಾರಿಸುವಾಗ ಈ ಬೀಗಗಳೇ ಇರುವುದಿಲ್ಲ. ಹಳೆಯ ಸರ್ವರೂ ನನ್ನ ಮೇಜಿನ ಯಂತ್ರವೂ ಅಂಥವೇ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಇಪ್ಪತ್ತೈದು ನಿಮಿಷಕ್ಕೆ ಲಿಫ್ಟ್ ಅಲುಗಿ ಕೆಳಗಿಳಿಯಿತು. ಧ್ವನಿ ಕಡಿದ ಕೂಡಲೇ ಲಿಲ್ಲಿ ಬಾಯಿ ಪರದೆಯನ್ನು ನಂಬದೆ, ವಿಚಾರಣೆ ಮುಗಿಯದೆ ಪವರ್ ಬಟನ್ ಮುಟ್ಟುವಂತೆಯೂ ಇಲ್ಲದೆ, ಸಾದಾ ಫೋನ್ ಎತ್ತಿ ಆ ಕಟ್ಟಡದ ಕೇರ್‌ಟೇಕರನ್ನು ಹುಡುಕತೊಡಗಿದ್ದರು. ಅವನು ಸಿಕ್ಕಿ, ಮೆಟ್ಟಿಲು ಹತ್ತಿ ಮೋಟಾರ್ ರೂಮ್ ತಲುಪಲು ಅಷ್ಟು ಹೊತ್ತು. ಅವನ ನಂಬರ್ ಇದ್ದದ್ದೂ ಆ ಎರಡನೆಯ ಪುಸ್ತಕದಲ್ಲೇ. ಕೇರ್‌ಟೇಕರನ ಫೋನಿನಲ್ಲಿ ನಾನು ಅವರಿಗೆ ಹೇಳಿದ್ದು ಒಂದೇ ಮಾತು: "ಸಿಕ್ತ್ರಿ ಬಾಯಿ. ತಪ್ಪು ನಂದ ಅದ."

"ಇರ್ಲಿ ಮಾರಾಯ್ತಿ, ಮೊದಲು ನೀರು ಕುಡಿ," ಎಂದರು.

ಶುಕ್ರವಾರ ವಿಚಾರಣೆಗೆ ಮೊದಲು ಕೀತ್‌ನ ಮುಂದೆ ವರದಿ ಇಟ್ಟೆ. "ತಾಂತ್ರಿಕ ದೋಷ ಎಂದಷ್ಟೇ ಬರೆದರೆ ಸಾಲದೇ?" ಎಂದ ಅವನು. ಆ ಕ್ಷಣ ಗಂಡನ ಮುಖ, ಪಾಸ್‌ಪೋರ್ಟಿನ ಮೇಲಿನ ಮೊಹರು ಎರಡೂ ಕಣ್ಣ ಮುಂದೆ ಬಂದವು. ಸಾಲದು ಎಂದೆ. 'ಡ್ರೈವರ್ ಬರೆದವಳು ನಾನು. ಆಪರೇಟರ್ ತಮ್ಮ ಸೀಟಿನಲ್ಲೇ ಇದ್ದರು' ಎಂಬ ಎರಡು ವಾಕ್ಯಗಳನ್ನು ಬಿಡಲಿಲ್ಲ. ಲಿಲ್ಲಿ ಬಾಯಿಗೆ ಕೊಟ್ಟ ಕಾಗದವನ್ನು ಲಿಖಿತವಾಗಿಯೇ ಹಿಂತೆಗೆದುಕೊಂಡರು. ಸರಿಪಡಿಸಿದ್ದು ಎರಡೇ ಸಾಲು. ನನ್ನ ಪರ್ಮಿಟ್ಟೂ ಉಳಿಯಿತು, ಆದರೆ ಅದು ಗೊತ್ತಾಗಲು ಹನ್ನೊಂದು ದಿನ ಬೇಕಾಯಿತು. ಆ ಹನ್ನೊಂದು ದಿನ ನಾನು ಲಿಫ್ಟಿನಿಂದ ಹೊರಗೆ ಬಂದಿರಲಿಲ್ಲ ಎಂದೇ ಹೇಳಬೇಕು.

ಸೋಮವಾರ ಲಿಲ್ಲಿ ಬಾಯಿಯ ಪುಸ್ತಕದಲ್ಲಿ ನನ್ನ ಬಗ್ಗೆ ಬರೆದ ಸಾಲನ್ನು ಗಟ್ಟಿಯಾಗಿ ಓದಿ, ಅರ್ಥ ಕೇಳಿದೆ.

"ಹೆಂಗಸು. ಇಂಜಿನಿಯರ್. ಒಳಗೆ ಅಳ್ಲಿಲ್ಲ, ಹೊರಗೆ ಬಂದು ಅತ್ತಳು. ಕೇರ್‌ಟೇಕರ್ ಹೇಳಿದ್ದು."

ಲಾಗ್ ಸುಮ್ಮನಿದ್ದಾಗ ತಪ್ಪನ್ನು ಹೊರಿಸಲು ಮೊದಲು ಸಿಗುವುದು ಯಂತ್ರದ ಮುಂದೆ ಕುಳಿತ ಮನುಷ್ಯರು ಎಂಬುದನ್ನು ಕೆಲಸ ನನಗೆ ಹೀಗೆ ಕಲಿಸಿತು. 'ನನ್ನ ಮೇಜಿನ ಮೇಲೆ ಸರಿಯಾಗಿದೆ' ಎಂಬ ಮಾತು ಇಂದಿಗೂ ನಾಲಗೆಯ ತುದಿಗೆ ಬರುತ್ತದೆ. ಬಂದಾಗಲೆಲ್ಲ ಅದನ್ನು ನುಂಗಿಕೊಂಡು, ಆ ಹೊತ್ತಿನಲ್ಲಿ ಅಲ್ಲಿ ಕುಳಿತಿದ್ದವರು ಯಾರೆಂದು ವಿಚಾರಿಸಿ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳುತ್ತೇನೆ.